ನವಿಲುಗರಿ ಗೌನಿನ ಮಲತಾಯಿ

ಹ್ಯಾಮರ್‌ಸ್ಮಿತ್, ಲಂಡನ್
೩ ಫೆಬ್ರುವರಿ ೧೮೭೯

ಪ್ರೀತಿಯ ಹೆಸ್ಟರ್,

ಮದುವೆಯಾದ ವಾರದಲ್ಲೇ ಬರೆಯುತ್ತೇನೆ ಅಂದವಳು ಕ್ರಿಸ್‌ಮಸ್ಸೂ ಕಳೆದ ಮೇಲೆ ಬರೆಯುತ್ತಿದ್ದೇನೆ. ಬೈಯುವುದನ್ನೆಲ್ಲ ಮೊದಲು ಬೈದುಕೋ, ಆಮೇಲೆ ಓದು. ನೀನು ಕಳಿಸಿದ ಮೇಜಿನ ಹಾಸು ಬಂದು ತಲುಪಿತು. ಅಂಚಿನ ದಾಳಿಂಬೆಗಳು ನಿನ್ನ ಕೈಯವೇ ಅಂತ ಬಿಚ್ಚಿದ ಕೂಡಲೇ ಗೊತ್ತಾಯಿತು. ಡ್ರಾಯಿಂಗ್ ಶಾಲೆಯಲ್ಲೂ ನಿನ್ನ ದಾಳಿಂಬೆ ನೋಡಿದವರು ಟರ್ನಿಪ್ ಗೆಡ್ಡೆ ಅಂತಲೇ ಅನ್ನುತ್ತಿದ್ದರು. ಹಾಸು ಮಾತ್ರ ಬಹಳ ಚೆನ್ನಾಗಿದೆ, ಭಾನುವಾರಕ್ಕೆ ಅಂತ ತೆಗೆದಿಟ್ಟಿದ್ದೇನೆ.

ನಾನು ಚೆನ್ನಾಗಿದ್ದೇನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದನ್ನು ಓದಿ ನೀನು ಯಾರ್ಕಿನಿಂದ ರೈಲು ಹತ್ತಿಬಿಡಬಾರದು.

ನಮ್ಮೆಜಮಾನರನ್ನು ನೀನು ನೋಡಿಲ್ಲವಲ್ಲ. ಆಂಬ್ರೋಸ್ ಕಿಡ್‌ಗೆ ನಲವತ್ತು ದಾಟಿದೆ. ಕೂದಲು ಹಣೆಯ ಸಹವಾಸ ಬಿಟ್ಟು ಹಿಂದೆ ಸರಿದಿದೆ. ಉಳಿ ಒತ್ತಿ ಒತ್ತಿ ಬಲಗೈಯಲ್ಲಿ ಗಟ್ಟಿಯಾದ ಗಂಟು. ನನ್ನ ಪುಸ್ತಕಗಳ ಚಿತ್ರಗಳನ್ನೆಲ್ಲ ಅಚ್ಚಿಗಾಗಿ ಮರದಲ್ಲಿ ಕೊರೆದವರು ಇವರೇ. ಮೊದಲ ಕೆಲವು ವರ್ಷ ನಮ್ಮಿಬ್ಬರ ನಡುವೆ ಓಡಾಡಿದ್ದು ಬರೀ ಜಗಳದ ಚೀಟಿಗಳು. ‘ಇಷ್ಟು ಸಣ್ಣ ಎಲೆ ಕೊರೆಯೋಕೆ ದೇವರು ನನಗೆ ಇಲಿ ಹಲ್ಲು ಕೊಟ್ಟಿಲ್ಲ’ ಅಂತ ಇವರು ಬರೆದರೆ, ‘ಹಾಗಾದರೆ ಇಲಿಯನ್ನೇ ಕೆಲಸಕ್ಕಿಟ್ಟುಕೊಳ್ಳಿ’ ಅಂತ ನಾನು. ಒಂದು ದಿನ ಚೀಟಿಯ ಬದಲು ಇವರೇ ಬಂದರು. ಮುಂದಿನದು ನಿನಗೆ ಗೊತ್ತು. ಒಳ್ಳೆಯ ಮನುಷ್ಯ ಕಣೇ. ಊಟಕ್ಕೆ ಕೂತರೆ ತಟ್ಟೆಯಲ್ಲಿರುವುದು ಕುರಿಮಾಂಸವೋ ಮೀನೋ ಅಂತ ನೋಡದೆ ತಿಂದೇಳುತ್ತಾರೆ.

ಮನೆಯಲ್ಲಿ ಇನ್ನಿಬ್ಬರಿದ್ದಾರೆ. ಇವರ ಮೊದಲ ಹೆಂಡತಿ ಕ್ಲಾರಾ ತೀರಿಕೊಂಡಾಗ ಮಗು ರೋಡಾ ಇನ್ನೂ ಅಂಬೆಗಾಲಿಟ್ಟಿರಲಿಲ್ಲವಂತೆ. ಈಗ ಅವಳಿಗೆ ಆರು ವರ್ಷ. ಸಾಕಿದ್ದು ಕ್ಲಾರಾಳ ತಾಯಿ, ಮಿಸೆಸ್ ಸ್ಪ್ರೇಗ್. ಆಕೆ ನನ್ನನ್ನು ಮಿಸೆಸ್ ಕಿಡ್ ಅಂತ ಕರೆಯುವುದಿಲ್ಲ, ಅದು ಮಗಳ ಹೆಸರು. ಲೆಟೀಷಾ ಅಂದರೆ ಸಲುಗೆಯಾಯಿತು. ಹಾಗಾಗಿ ‘ಚಿತ್ರದಮ್ಮ’ ಅಂತ ಒಂದು ಹೆಸರು ಹುಟ್ಟಿಸಿದ್ದಾರೆ. ‘ಚಿತ್ರದಮ್ಮನಿಗೆ ಇನ್ನೊಂದು ಆಲೂಗೆಡ್ಡೆ ಬೇಕೇನೋ ಕೇಳು ಸುಕೀ’ ಅಂತ ಎದುರಿಗೇ ಕೂತು ಕೆಲಸದವಳ ಹತ್ತಿರ ಹೇಳಿಸುತ್ತಾರೆ.

ಅದೆಲ್ಲ ಇರಲಿ. ಕಷ್ಟ ಇರುವುದು ರೋಡಾಳ ವಿಷಯದಲ್ಲಿ. ಹುಡುಗಿ ನನ್ನೆದುರು ಬಾಯಿ ಬಿಡುವುದಿಲ್ಲ. ನಾನಿಲ್ಲದ ಕಡೆ ಗುಬ್ಬಿಯ ಹಾಗೆ ಚಿಲಿಪಿಲಿ. ಮೆಟ್ಟಿಲ ಮೇಲೆ ನನ್ನ ಹೆಜ್ಜೆ ಕೇಳಿಸಿದರೆ ಸಾಕು, ಎರಡು ತುಟಿಯನ್ನೂ ಒಳಗೆಳೆದುಕೊಂಡು ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಾಳೆ. ನಾಚಿಕೆ ಅಂತ ಇವರು ಅಂದರು. ಬೇಸಿಗೆ ಹೋಯಿತು, ಕ್ರಿಸ್‌ಮಸ್ ಪುಡಿಂಗ್ ಬಂತು, ನಾಚಿಕೆ ಹೋಗಲಿಲ್ಲ.

ಕಾರಣ ಗೊತ್ತಾಗಿದ್ದು ಹೋದ ವಾರ. ಒಲೆ ಉಜ್ಜುತ್ತಿದ್ದ ಸುಕೀ ನನ್ನ ಮುಖ ನೋಡದೆ ಹೇಳಿದಳು: ‘ಬೇಜಾರ್ ಮಾಡ್ಕೋಬೇಡಿ ಅಮ್ಮಾವ್ರೇ. ಮಗೂಗೆ ಭಯ. ನೀವು ಅದರ ದನಿ ಕಿತ್ಕೊಂಡು ಪಂಜರದೊಳಗೆ ಹಾಕ್ಬಿಡ್ತೀರಂತೆ.’

ನೆನಪಾಯಿತಾ? ನನ್ನ ‘ಬೆಳ್ಳಿದನಿಯ ಹುಡುಗಿ’ ಪುಸ್ತಕ. ಮಲತಾಯಿ ರಾಜಕುಮಾರಿಯ ದನಿಯನ್ನು ಕಿತ್ತು ಪಂಜರದಲ್ಲಿ ಕೂಡಿಡುತ್ತಾಳಲ್ಲ. ಆ ಮಲತಾಯಿಗೆ ನಾನು ನವಿಲುಗರಿಯ ಗೌನು ಬರೆದಿದ್ದೆ. ಕಣ್ಣುಕಣ್ಣಿನ ಗರಿ, ನೀಲಿ ಹೂದಾನಿ, ಸುತ್ತ ಸೂರ್ಯಕಾಂತಿಯ ಅಂಚು. ಆ ಗೌನು ನೋಡಿ ಕೆನ್ಸಿಂಗ್ಟನ್ನಿನ ಹೆಂಗಸರು ದರ್ಜಿಗಳ ಹತ್ತಿರ ಓಡಿದರಂತೆ. ರಾಜಕುಮಾರಿ ಏನು ಉಟ್ಟಿದ್ದಳು ಅಂತ ಯಾರಿಗೂ ನೆನಪಿಲ್ಲ. ನಮ್ಮ ಮನೆಯಲ್ಲಿ ರೋಡಾ ದಿನಾ ಸಂಜೆ ಅಜ್ಜಿಯ ಹತ್ತಿರ ಓದಿಸಿಕೊಳ್ಳುವುದು ಅದೇ ಪುಸ್ತಕ. ಇನ್ನೂ ಒಂದಿದೆ. ನೋಡಿಕೊಂಡು ಬರೆಯಲು ಅಂತ ಕಿಂಗ್ ಸ್ಟ್ರೀಟಿನ ಹಳೇ ಸಾಮಾನಿನ ಅಂಗಡಿಯಲ್ಲಿ ಕೊಂಡ ಪಂಜರ ನನ್ನ ಕೋಣೆಯ ಕಪಾಟಿನ ಮೇಲೇ ಕೂತಿದೆ. ಮಗು ಅದನ್ನೂ ನೋಡಿದೆ.

‘ಕಥೆ ಕಣೇ ಅದು ಅಂತ ನೀನು ಹೇಳಲಿಲ್ವಾ?’ ಅಂತ ಸುಕೀಯನ್ನು ಕೇಳಿದೆ.

‘ಹೇಳ್ದೆ. ಚಿತ್ರ ಬರೆದೋಳೇ ಅವಳಲ್ವಾ, ಅವಳಿಗೆ ಎಲ್ಲಾ ಗೊತ್ತಿರತ್ತೆ ಅಂತು.’

ಇದಕ್ಕೆ ಏನು ಉತ್ತರ ಕೊಡುತ್ತೀಯ? ನಿನಗೆ ಎರಡು ಮಕ್ಕಳಿವೆ, ಏನಾದರೂ ಹೊಳೆದರೆ ಬರೆ. ಸಿಸಿಲಿಗೂ ಪುಟ್ಟ ಜ್ಯಾಸ್ಪರ್‌ಗೂ ನನ್ನ ಮುತ್ತು.

ನಿನ್ನ
ಲೆಟೀಷಾ


ಹ್ಯಾಮರ್‌ಸ್ಮಿತ್
೧೭ ಜೂನ್ ೧೮೭೯

ಪ್ರೀತಿಯ ಹೆಸ್ಟರ್,

ನಿನ್ನ ಸಲಹೆಗಳೆಲ್ಲ ತಲುಪಿದವು. ಸಕ್ಕರೆ ಮಿಠಾಯಿಯ ಪ್ರಯೋಗ ಮಾಡಿದೆ. ತಿಂದಳು. ಬಾಯಿ ತುಂಬಿದ್ದರಿಂದ ಮಾತಾಡಬೇಕಾದ ತೊಂದರೆಯೂ ತಪ್ಪಿತು.

ಪಂಜರವನ್ನು ಹಳೇ ಸಾಮಾನಿನವನಿಗೆ ಕೊಟ್ಟೆ. ಅದರಿಂದ ಕೆಟ್ಟದ್ದೇ ಆಯಿತು. ರೋಡಾ ಅದನ್ನು ನಾನು ಎಲ್ಲೋ ಬಚ್ಚಿಟ್ಟಿದ್ದೇನೆ ಅಂತ ಮಂಚದ ಕೆಳಗೆ, ಇದ್ದಿಲ ಕೋಣೆಯಲ್ಲಿ, ಕೊನೆಗೆ ನನ್ನ ಟೋಪಿಯ ಡಬ್ಬಿಯಲ್ಲೂ ಹುಡುಕಿದಳು. ಇವರಿಗೆ ಹೇಳಿದೆ. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ‘ಅದೆಲ್ಲ ಬರೀ ಮಸಿ ಕಣಮ್ಮ, ಮರ ಮತ್ತೆ ಮಸಿ’ ಅಂದರು. ಅವಳು ಅಪ್ಪನ ಮಸಿ ಬೆರಳುಗಳನ್ನು ನೋಡಿ ಇಳಿದು ಹೋದಳು. ಮಿಸೆಸ್ ಸ್ಪ್ರೇಗ್‌ಗೆ, ಆ ಪುಸ್ತಕ ಸ್ವಲ್ಪ ದಿನ ಎತ್ತಿಡಬಹುದೇನೋ ಅಂದೆ. ಅವತ್ತು ಸುಕೀಯನ್ನು ಬಿಟ್ಟು ನೇರ ನನಗೇ ಅಂದರು:

‘ನಾನ್ ಎತ್ತಿಟ್ರೆ ಏನಾಗತ್ತಮ್ಮ, ಮಗೂಗೆ ಬಾಯಿಪಾಠ ಆಗಿದೆ. ಬರೆದೋಳು ನೀನು, ಓದಿದ ತಪ್ಪು ನಂದಾ?’

ಅವರ ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ.

ಈ ನಡುವೆ ಪ್ರಕಾಶಕ ಟಫ್ನೆಲ್ ಕ್ರಿಸ್‌ಮಸ್ಸಿಗೆ ಹೊಸ ಪುಸ್ತಕ ಬೇಕು ಅಂತ ಕರೆಸಿದ್ದ. ಒಳ್ಳೆಯ ಮಲತಾಯಿಯ ಕಥೆ ಮಾಡೋಣವಾ ಅಂತ ಕೇಳಿದೆ. ಮನುಷ್ಯ ಸಿಗಾರು ಕೆಳಗಿಟ್ಟು ನಕ್ಕ. ‘ಒಳ್ಳೇ ಮಲತಾಯಿನಾ! ಹಾಗಾದ್ರೆ ಕಥೆ ಎರಡನೇ ಪುಟಕ್ಕೇ ಮುಗೀತಲ್ಲ ಮಿಸೆಸ್ ಕಿಡ್. ಮಗು ಊಟ ಮಾಡ್ತು, ಮಲಗ್ತು. ಇದಕ್ಕೆ ಯಾರ್ರೀ ಆರು ಪೆನ್ನಿ ಕೊಡ್ತಾರೆ? ಆ ನವಿಲಿನ ಗೌನಿನೋಳ ಥರ ಇನ್ನೊಬ್ಬಳನ್ನ ಕೊಡಿ.’ ಕೊಡಲಿಲ್ಲ. ಹಿಮದಲ್ಲಿ ನಡೆದು ಹೋಗಿ ಮನೆಗೆ ಬೆಂಕಿ ತರುವ ಹುಡುಗಿಯ ಕಥೆ ಒಪ್ಪಿಸಿ ಬಂದೆ. ಅದರಲ್ಲಿ ಕೆಟ್ಟವರು ಯಾರೂ ಇಲ್ಲ, ಚಳಿ ಒಂದೇ.

ಏಪ್ರಿಲಿನಲ್ಲಿ ಒಂದು ಬೆಳಿಗ್ಗೆ ಆ ಹುಡುಗಿಯ ಶಾಲಿನ ಅಂಚಿಗೆ ಹಾಲಿ ಗಿಡದ ಮುಳ್ಳೆಲೆ ಬರೆಯುತ್ತ ಕೂತಿದ್ದಾಗ ಬಾಗಿಲಲ್ಲಿ ರೋಡಾ ನಿಂತಿದ್ದಳು. ಬಾ ಅನ್ನಬೇಕು ಅಂತ ಬಾಯಿ ತೆರೆದವಳು ಮುಚ್ಚಿಕೊಂಡೆ. ಅವಳು ಮಾತಾಡುವುದಿಲ್ಲವಾದರೆ ಈ ಕೋಣೆಯಲ್ಲಿ ನಾನೂ ಮಾತಾಡುವುದಿಲ್ಲ, ಇಬ್ಬರದೂ ಸಮ ಆಗಲಿ ಅನ್ನಿಸಿತು. ಒಂದು ಕಾಗದದ ಮೇಲೆ ಬೆಕ್ಕು ಬರೆದು ಮೇಜಿನ ಆಚೆ ತುದಿಗೆ ತಳ್ಳಿದೆ. ತುಂಬ ಹೊತ್ತು ನೋಡಿದಳು. ಆಮೇಲೆ ಬಂದು ಬೆಕ್ಕಿಗೆ ಬೂಟು ತೊಡಿಸಿದಳು. ನಾಲ್ಕೂ ಕಾಲಿಗೆ.

ಅವತ್ತಿನಿಂದ ದಿನಾ ಬರುತ್ತಾಳೆ. ಒಂದು ಮಾತಿಲ್ಲ. ಹಸಿವಾದರೆ ಬ್ರೆಡ್ಡು ಬರೆಯುತ್ತಾಳೆ. ಮಳೆ ಬಂದರೆ ನಾನು ಕೊಡೆ ಬರೆಯುತ್ತೇನೆ. ಇವರು ಒಂದು ದಿನ ಇಣುಕಿ ನೋಡಿ ‘ಏನಿದು, ಮನೇಲಿ ಮೂಗರ ಶಾಲೆ ತೆಗೆದ್ರಾ?’ ಅಂತ ಕೇಳಿದರು. ಇಬ್ಬರೂ ಒಟ್ಟಿಗೆ ತಲೆ ಆಡಿಸಿದೆವು.

ಮೊನ್ನೆ ಮನೆಯವರನ್ನೆಲ್ಲ ಬರೆದಳು. ಅಪ್ಪ, ಅಜ್ಜಿ, ಸುಕೀ, ಬೂಟು ಹಾಕಿದ ಬೆಕ್ಕು. ನಾನೆಲ್ಲಿ ಅಂತ ಬೆರಳಿನಲ್ಲೇ ಕೇಳಿದೆ. ಯೋಚಿಸಿ, ಮನೆಯಿಂದ ಸಾಕಷ್ಟು ದೂರದಲ್ಲಿ, ಥೇಮ್ಸ್ ದಂಡೆಯ ಮೇಲೆ ನನ್ನನ್ನು ನಿಲ್ಲಿಸಿದಳು. ಅಷ್ಟಾದರೂ ಆಯಿತಲ್ಲ ಹೆಸ್ಟರ್, ನದಿಯೊಳಗೆ ಹಾಕಲಿಲ್ಲ.

ನಿನ್ನ ಗಂಡನ ಕೆಮ್ಮು ಈಗ ಹೇಗಿದೆ? ಚರ್ಚಿನಲ್ಲಿ ಪ್ರವಚನ ಸ್ವಲ್ಪ ಚಿಕ್ಕದು ಮಾಡಲಿ, ಗಂಟಲಿಗೂ ಒಳ್ಳೆಯದು, ಕೇಳುವವರಿಗೂ.

ನಿನ್ನ
ಲೆಟೀಷಾ


ಹ್ಯಾಮರ್‌ಸ್ಮಿತ್
೯ ಡಿಸೆಂಬರ್ ೧೮೭೯

ಪ್ರೀತಿಯ ಹೆಸ್ಟರ್,

ನಿನ್ನ ಎರಡು ಕಾಗದ ಮೇಜಿನ ಮೇಲೆ ನನ್ನನ್ನೇ ನೋಡುತ್ತ ಕೂತಿವೆ. ಕೋಪ ಮಾಡಿಕೊಳ್ಳಬೇಡ. ರೋಡಾಗೆ ಕಾಯಿಲೆಯಾಗಿತ್ತು. ಈಗ ಗುಣವಾಗಿದ್ದಾಳೆ, ಅದಕ್ಕೇ ಕೂತು ಬರೆಯಲು ಆಗುತ್ತಿದೆ.

ಅಕ್ಟೋಬರಿನಲ್ಲಿ ನಮ್ಮ ಬೀದಿಗೆ ಗಂಟಲ ಜ್ವರ ಬಂತು. ಪಕ್ಕದ ಸಾಲಿನ ಬ್ರೆಡ್ ಅಂಗಡಿಯವರ ಮಗು ಹೋಗಿಬಿಟ್ಟಿತು. ಅದಾದ ಮೇಲೆ ರೋಡಾ ಒಂದು ಸಂಜೆ ಅಜ್ಜಿಯ ಹತ್ತಿರ ಊಟ ಬೇಡ ಅಂದಳು. ಬೆಳಗಾಗುವ ಹೊತ್ತಿಗೆ ಮೈ ಸುಡುತ್ತಿತ್ತು, ಗಂಟಲು ಊದಿತ್ತು. ಡಾಕ್ಟರ್ ಪಂಫ್ರೀ ಬಂದು ಚಮಚದ ಹಿಡಿಯಿಂದ ನಾಲಿಗೆ ಒತ್ತಿ ನೋಡಿ, ‘ನೀವು ಹೆದರಿರೋ ಕಾಯಿಲೆ ಅಲ್ಲ ಅನ್ಸತ್ತೆ, ಆದ್ರೂ ಕಾಯ್ದು ನೋಡ್ಬೇಕು’ ಅಂದರು. ಹಾಗೆ ಹೇಳಿ ಹೋದರೆ ಮನೆಯವರು ಹೇಗಿರಬೇಕು ಹೇಳು. ಇವರು ಕೆಲಸದ ಮೇಜಿಗೆ ಹೋಗುತ್ತಿದ್ದರು, ಉಳಿ ಮುಟ್ಟದೆ ಎದ್ದು ಬರುತ್ತಿದ್ದರು.

ಎರಡನೆಯ ಬೆಳಿಗ್ಗೆ ಮಗು ಅಜ್ಜಿಯನ್ನು ಕರೆಯಲು ಬಾಯಿ ತೆರೆದರೆ ದನಿಯೇ ಬರಲಿಲ್ಲ. ಬರೀ ಗಾಳಿ. ಮತ್ತೊಮ್ಮೆ ಪ್ರಯತ್ನಪಟ್ಟಳು. ಆಮೇಲೆ ತಿರುಗಿ ನನ್ನನ್ನು ನೋಡಿದಳು. ಆ ನೋಟ ನಿನಗೆ ಹೇಗೆ ಹೇಳಲಿ. ಕೋಪ ಇರಲಿಲ್ಲ ಕಣೇ. ಗೊತ್ತಿದ್ದದ್ದೇ ಆಯಿತು ಅನ್ನುವ ಹಾಗೆ ನೋಡಿದಳು.

ಮಿಸೆಸ್ ಸ್ಪ್ರೇಗ್ ಬಾಗಿಲ ಹೊರಗೆ ನಿಂತು ‘ಪುಸ್ತಕದಲ್ಲಿ ಇದ್ದ ಹಾಗೇ ಆಗೋಯ್ತಲ್ಲಪ್ಪಾ’ ಅಂದುಬಿಟ್ಟರು. ಅಂದ ಮೇಲೆ ತಾವೇ ನಾಚಿ ಏಪ್ರನ್ನಿನಲ್ಲಿ ಬಾಯಿ ಮುಚ್ಚಿಕೊಂಡರು. ಪಾಪ, ಅವರಿಗೂ ಸಂಧಿವಾತ ಏರಿ ದಿನಕ್ಕೊಂದು ಸಲ ಮೆಟ್ಟಿಲು ಹತ್ತುವುದೇ ಕಷ್ಟವಾಗಿತ್ತು. ಆರೈಕೆ ನನ್ನ ಪಾಲಿಗೇ ಬಂತು, ಮಗುವೋ ನನ್ನ ಕೈಯಿಂದ ಔಷಧಿ ಕುಡಿಯುವುದಿಲ್ಲ. ಚಮಚ ಹತ್ತಿರ ಹೋದರೆ ಗೋಡೆಯ ಕಡೆ ಹೊರಳುತ್ತಾಳೆ. ಮೂಗು ಹಿಡಿದು ಕುಡಿಸಿ ಅಂದರು ಡಾಕ್ಟರು. ಒಂದು ಸಲ ಹಾಗೂ ಮಾಡಿದೆ. ಅರ್ಧ ನನ್ನ ತೋಳಿನ ಮೇಲೆ ಉಗುಳಿದಳು.

ಮಧ್ಯಾಹ್ನ ಸ್ಲೇಟು ಬೇಕು ಅಂತ ಸನ್ನೆ ಮಾಡಿದಳು. ಕೊಟ್ಟೆ. ಪಂಜರ ಬರೆದಳು. ಅದರೊಳಗೆ ಒಂದು ಪುಟ್ಟ ಬಾಯಿ. ಸ್ಲೇಟನ್ನು ನನ್ನ ಕಡೆ ತಿರುಗಿಸಿ ಹಿಡಿದು, ಗಾಳಿಯ ದನಿಯಲ್ಲಿ ‘ಕೊಟ್ಬಿಡು’ ಅಂದಳು.

ನನ್ನ ಹತ್ತಿರ ಅವಳು ಆಡಿದ ಮೊದಲ ಮಾತು ಇದು, ಹೆಸ್ಟರ್.

‘ಸರಿ, ಕೊಡ್ತೀನಿ’ ಅಂದರೆ ಔಷಧಿ ಕುಡಿಯುತ್ತಿದ್ದಳೋ ಏನೋ. ಮಾತು ನಾಲಿಗೆಯ ತುದಿಗೂ ಬಂತು. ಆದರೆ ಹಾಗಂದರೆ ನಾನು ಕಿತ್ತುಕೊಂಡದ್ದು ನಿಜ ಅಂತಾಗುತ್ತದಲ್ಲ. ಜೀವನಪೂರ್ತಿ ಈ ಮನೆಯಲ್ಲಿ ಯಾವಾಗ ಏನು ಕಿತ್ತುಕೊಳ್ಳುತ್ತಾಳೋ ಅನ್ನುವ ಹೆಂಗಸಾಗಿಯೇ ಇರಬೇಕಾಗುತ್ತದೆ.

‘ನನ್ನ ಹತ್ರ ಇಲ್ಲ ರೋಡಾ’ ಅಂದೆ. ‘ನಿನ್ನ ಗಂಟಲು ಊದಿದೆ, ದನಿ ಒಳಗೇ ಸಿಕ್ಕೊಂಡಿದೆ. ನನ್ನ ಮಾತು ನಂಬಬೇಡ. ನೀನೇ ನೋಡ್ಕೋ.’

ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಬೆಳಕಿಗೆ ಮುಖ ಮಾಡಿ ಕೂತೆ. ಚಮಚ ಅವಳ ಕೈಗೆ ಕೊಟ್ಟು ಬಾಯಿ ತೆರೆದೆ. ಅವಳು ಹಾಸಿಗೆಯ ಮೇಲೆ ಮಂಡಿಯೂರಿ, ಡಾಕ್ಟರ್ ಪಂಫ್ರೀ ಮಾಡಿದ ಹಾಗೇ ಹುಬ್ಬು ಗಂಟಿಕ್ಕಿಕೊಂಡು, ಚಮಚದ ಹಿಡಿಯಿಂದ ನನ್ನ ನಾಲಿಗೆಯನ್ನು ಒತ್ತಿದಳು. ನನಗೆ ವಾಕರಿಕೆ ಬಂತು, ತಡೆದುಕೊಂಡೆ. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ತಲೆ ಎತ್ತು ಅಂತ ಗಲ್ಲ ತಟ್ಟಿದಳು. ನಿಧಾನವಾಗಿ ಪೂರ್ತಿ ನೋಡಿದಳು. ಆಮೇಲೆ ಕನ್ನಡಿ ತರಿಸಿಕೊಂಡು ತನ್ನ ಗಂಟಲನ್ನೂ ನೋಡಿಕೊಂಡಳು. ಅಲ್ಲಿ ಕೆಂಪಗೆ ಊದಿದ್ದು ಅವಳಿಗೇ ಕಾಣಿಸಿತು.

ಚಮಚವನ್ನು ನನಗೆ ವಾಪಸು ಕೊಟ್ಟು, ಔಷಧಿಯ ಬಾಟಲಿಯ ಕಡೆ ಬೆರಳು ತೋರಿಸಿದಳು.

ಜ್ವರ ಇಳಿಯಿತು. ನಾವು ಹೆದರಿದ ಕಾಯಿಲೆಯಲ್ಲ ಅಂತ ಖಚಿತವಾಯಿತು. ದನಿ ಮಾತ್ರ ಬರಲಿಲ್ಲ. ಒಂದು ಬೆಳಿಗ್ಗೆ ಅವಳ ಮುಂದೆ ಗಂಜಿಯ ಬಟ್ಟಲಿಟ್ಟು ಪರದೆ ಸರಿಸುತ್ತಿದ್ದೆ. ಹಿಂದಿನಿಂದ ಕರ್ಕಶವಾದ, ಮುದುಕನ ಥರದ ದನಿ: ‘ತಣ್ಣಗಿದೆ.’

‘ಏನಂದೆ?’

‘ಗಂಜಿ ತಣ್ಣಗಿದೆ. ಸಕ್ಕರೆನೂ ಇಲ್ಲ.’

ಕೆಳಗೆ ಹೋಗಿ ಬಿಸಿ ಮಾಡಿ ತಂದೆ. ಕಣ್ಣು ಕಾಣಿಸದೆ ಸಕ್ಕರೆ ಎಷ್ಟು ಸುರಿದೆನೋ, ತಿನ್ನಲಿಕ್ಕಾಗಲ್ಲ ಅಂತ ಮತ್ತೆ ದೂರು ಬಂತು. ಅವತ್ತು ತೆರೆದ ಬಾಯಿ ಇವತ್ತಿನವರೆಗೂ ಮುಚ್ಚಿಲ್ಲ. ನಾನು ಬರೆಯುವಾಗ ಮಾತು, ತಲೆ ಬಾಚುವಾಗ ಮಾತು. ಚಂದ್ರನಿಗೆ ಮೂಗು ಯಾಕಿಲ್ಲ, ರಾಣಿಯಮ್ಮ ಸ್ನಾನಕ್ಕೂ ಕಿರೀಟ ಹಾಕ್ಕೊಂಡೇ ಹೋಗ್ತಾರಾ? ಮೂಗರ ಶಾಲೆಯೇ ಚೆನ್ನಾಗಿತ್ತು ಅಂತ ಇವರು ಗೊಣಗುತ್ತಾರೆ. ಮಿಸೆಸ್ ಸ್ಪ್ರೇಗ್ ಈಗಲೂ ಚಿತ್ರದಮ್ಮ ಅಂತಲೇ ಕರೆಯುತ್ತಾರೆ. ಆದರೆ ಆಲೂಗೆಡ್ಡೆ ಬೇಕಾ ಅಂತ ನನ್ನನ್ನೇ ಕೇಳುತ್ತಾರೆ.

ಹೊಸ ಪುಸ್ತಕ ‘ಹಿಮದಾರಿಯ ಹುಡುಗಿ’ ಅಂಗಡಿಗೆ ಬಂದಿದೆ. ಇದರ ಜೊತೆ ನಿನ್ನ ಮಕ್ಕಳಿಗೆ ಒಂದು ಪ್ರತಿ ಇಟ್ಟಿದ್ದೇನೆ. ಟಫ್ನೆಲ್ ಬಹಳ ಸಂತೋಷದಲ್ಲಿದ್ದಾನೆ, ಎರಡನೆಯ ಸಲ ಅಚ್ಚು ಹಾಕಿಸುತ್ತಿದ್ದಾನೆ. ಎಲ್ಲರೂ ಹೊಗಳುತ್ತಿರುವುದು ಕೊನೆಯ ಪುಟವನ್ನು. ಹುಡುಗಿ ಬೆಂಕಿ ಹಿಡಿದುಕೊಂಡು ಬರುವಾಗ ತಾಯಿ ದೀಪ ಹಿಡಿದು ಕಿಟಕಿಯಲ್ಲಿ ಕಾಯುತ್ತಿರುತ್ತಾಳಲ್ಲ, ಅದು. ‘ಆ ಮುಖ ಒಂದಕ್ಕೇ ಆರು ಪೆನ್ನಿ ಕೊಡಬಹುದು ಮಿಸೆಸ್ ಕಿಡ್’ ಅಂದ.

ಚಳಿ ಜೋರಾಗಿದೆ, ಮಕ್ಕಳ ಕತ್ತಿಗೆ ಉಣ್ಣೆ ಸುತ್ತಿಸು. ನಿಮ್ಮ ಮನೆಯಲ್ಲಿ ಈ ಹಬ್ಬಕ್ಕೆ ಎಲ್ಲರೂ ಆರೋಗ್ಯವಾಗಿ ಒಂದೇ ಮೇಜಿಗೆ ಕೂರುವಂತಾಗಲಿ. ಸಿಸಿಲಿ, ಜ್ಯಾಸ್ಪರ್ ದೊಡ್ಡವರಾಗಿ ಒಳ್ಳೆಯವರಾಗಲಿ, ದಾಳಿಂಬೆ ಬರೆಯುವುದು ಅಮ್ಮನಿಂದ ಮಾತ್ರ ಕಲಿಯದಿರಲಿ.

ಯಾವಾಗಲೂ ನಿನ್ನವಳೇ
ಲೆಟೀಷಾ

ಮರೆತದ್ದು: ಅಂಟಿಸಿದ್ದ ಲಕೋಟೆಯನ್ನು ಮತ್ತೆ ಒಡೆದು ಬರೆಯುತ್ತಿದ್ದೇನೆ. ಮರೆತದ್ದು ಅನ್ನುವುದೂ ಸುಳ್ಳು, ಬೇಕೆಂದೇ ಬಿಟ್ಟಿದ್ದೆ.

ಆ ಕಿಟಕಿಯ ಹೆಂಗಸಿಗೆ ನಾನು ನನ್ನ ಮುಖ ಬರೆದಿದ್ದೆ, ಹೆಸ್ಟರ್. ಕನ್ನಡಿ ಇಟ್ಟುಕೊಂಡು. ರೋಡಾ ಎಂದಾದರೂ ಪುಸ್ತಕ ತೆರೆದರೆ, ಕಾಯುತ್ತಿರುವವಳು ನಾನು ಅಂತ ಕಾಣಲಿ ಅನ್ನುವ ಆಸೆ. ಯಾರಿಗೂ ಹೇಳಿರಲಿಲ್ಲ. ಬೇರೆ ಕಡೆ ಈಗ ಚಿತ್ರದ ಫೋಟೋ ತೆಗೆದು ಮರದ ಮೇಲೆ ಇಳಿಸುತ್ತಾರೆ, ಮೂಲ ಉಳಿಯುತ್ತದೆ. ಟಫ್ನೆಲ್ ಅಷ್ಟು ಖರ್ಚು ಮಾಡುವವನಲ್ಲ. ನಾನು ನೇರ ಮರದ ಮೇಲೆ ಬರೆಯುತ್ತೇನೆ, ಇವರು ಅದರ ಮೇಲೇ ಕೊರೆಯುತ್ತಾರೆ. ಕೊರೆದ ಮೇಲೆ ನನ್ನ ಪೆನ್ಸಿಲ್ ಗೆರೆ ಹೋಯಿತು, ಇವರ ಉಳಿ ಬಿಟ್ಟದ್ದೇ ಚಿತ್ರ. ರೋಡಾ ಹಾಸಿಗೆ ಬಿಟ್ಟೆದ್ದ ವಾರ ಇವರು ಕೊರೆದದ್ದು ಆ ಕೊನೆಯ ಪುಟ.

ಪ್ರೂಫ್ ಬಂದಾಗ ಅಡುಗೆಮನೆಯ ಮೇಜಿನ ಮೇಲೆ ಹರಡಿ ನೋಡಿದೆ. ಮುಖ ನನ್ನದಲ್ಲ. ಚೆಂದದ ಮುಖ, ಯಾರದೋ. ಮಿಸೆಸ್ ಸ್ಪ್ರೇಗ್ ಬಗ್ಗಿ ನೋಡಿದವರು ಮೆಟ್ಟಿಲು ಹತ್ತಿ ಮೇಲೆ ಹೋದರು, ಆ ಸಂಧಿವಾತದ ಕಾಲಿನಲ್ಲಿ. ಪ್ರಾರ್ಥನೆ ಪುಸ್ತಕದೊಳಗೆ ಇಟ್ಟುಕೊಂಡಿದ್ದ ಕ್ಲಾರಾಳ ಫೋಟೋ ತಂದು ಪ್ರೂಫಿನ ಪಕ್ಕ ಇಟ್ಟರು. ಮಗು ಅಮ್ಮ ಬೇಕು ಅಂತ ಅಳುತ್ತದೆ ಅಂತ ಅದನ್ನು ಅವರು ಯಾರಿಗೂ ತೋರಿಸಿದವರಲ್ಲ. ಅದೇ ಹಣೆ. ಕೆಳತುಟಿಯ ಅದೇ ಮಡಿಕೆ.

ಇವರು ಅಲ್ಲೇ ತೊಟ್ಟಿಯಲ್ಲಿ ಕೈ ತೊಳೆಯುತ್ತಿದ್ದರು. ‘ಚೆನ್ನಾಗಿ ಬಂದಿದೆ ಅಲ್ವಾ ಲೆಟಿ? ನಿನ್ನ ಗೆರೆ ಒಂದನ್ನೂ ಬಿಟ್ಟಿಲ್ಲ’ ಅಂದರು. ಅವರು ಸುಳ್ಳು ಹೇಳುವವರಲ್ಲ. ಅವರ ಕೈ ಏನು ಮಾಡಿದೆ ಅಂತ ಅವರಿಗೇ ಗೊತ್ತಿಲ್ಲ. ಅವರು ತಿರುಗುವ ಮೊದಲೇ ಮಿಸೆಸ್ ಸ್ಪ್ರೇಗ್ ಫೋಟೋವನ್ನು ಏಪ್ರನ್ನಿನೊಳಗೆ ಸೇರಿಸಿ, ನನ್ನ ಭುಜವನ್ನು ಒಮ್ಮೆ ಗಟ್ಟಿಯಾಗಿ ಅದುಮಿ ಒಲೆಯ ಕಡೆ ಹೋದರು. ‘ಚೆನ್ನಾಗಿ ಬಂದಿದೆ’ ಅಂತ ನಾನೂ ಅಂದೆ.

ಅಲ್ಲಿಗೇ ಮುಗಿಯಲಿ ಅಂದುಕೊಂಡಿದ್ದೆ. ಈಗ ನಿನ್ನ ಲಕೋಟೆ ಅಂಟಿಸುವಾಗ ರೋಡಾ ಪುಸ್ತಕ ಹಿಡಿದುಕೊಂಡು ಬಂದಳು. ಕಿಟಕಿಯ ಮುಖದ ಮೇಲೆ ಬೆರಳಿಟ್ಟು ‘ಇದು ನೀನಾ?’ ಅಂದಳು.

ಹೌದು ಅಂದಿದ್ದರೆ ನಂಬುತ್ತಿದ್ದಳು.

‘ಅಲ್ಲ ಪುಟ್ಟಾ. ಅದು ನಿನ್ನ ಹೆತ್ತಮ್ಮ.’

‘ಇಷ್ಟು ಚೆನ್ನಾಗಿದ್ದಳಾ?’

‘ಹೂಂ.’

‘ನೀನು ಬರೆದಿದ್ದಾ?’

‘ನಿಮ್ಮಪ್ಪ.’

ಪುಸ್ತಕ ಎದೆಗೊತ್ತಿಕೊಂಡು ‘ಅಪ್ಪಾ, ಅಪ್ಪಾ, ಅಮ್ಮನ್ನ ಬರೆದಿದೀಯಾ’ ಅಂತ ಕೂಗುತ್ತ ಇವರ ಕೆಲಸದ ಕೋಣೆಗೆ ಓಡಿದಳು. ಉಳಿ ಕೆಳಗಿಟ್ಟ ಸದ್ದು ಕೇಳಿಸಿತು. ಇವರು ಇನ್ನೂ ಹೊರಗೆ ಬಂದಿಲ್ಲ. ರೋಡಾಳ ದನಿ ಮಾತ್ರ ಕೇಳಿಸುತ್ತಿದೆ.